ಬೆಳಗಿನ ಮೈಕು

ಮಾರ್ಚ್ 3, ಸೋಮವಾರ
ಮತ್ತೆ ಕುರ್ಚಿ ಹಾಕಿದೆ, ಮತ್ತೆ ಮಡಚಿಟ್ಟೆ. ಮೇಲಿನ ಬೀದಿಯವರು ಸಭೆಗೆ ಬಂದರೆ ಕೆಳಗಿನ ಬೀದಿಯವರು ಬರುವುದಿಲ್ಲ. ಇವರು ಬರುತ್ತೇವೆಂದರೆ ಅವರಿಗೆ ಅಂದೇ ತಲೆನೋವು. ಗಲಭೆಯಾಗಿ ಮೂರು ವರ್ಷ. ಎರಡು ಬೀದಿಗಳ ನಡುವೆ ತಗಡಿನ ಗೇಟು, ಬೀಗ. ಶಾಲೆ ಅತ್ತ, ಆಸ್ಪತ್ರೆ ಇತ್ತ; ಹೋಗಬೇಕೆಂದರೆ ಮುಖ್ಯರಸ್ತೆ ಸುತ್ತಬೇಕು. ಎರಡೂ ಕಡೆಯವರು ಒಟ್ಟಿಗೆ ಕೂತು ಕೇಳಿದರೆ ಮಾತ್ರ ನಗರಸಭೆ ಗೇಟು ತೆಗೆಯುತ್ತದಂತೆ. ಈ ತಿಂಗಳೂ ಆಗದಿದ್ದರೆ ಮುಖ್ಯರಸ್ತೆಯ ನಮ್ಮ ಶಾಂತಿ ಸೆಂಟರ್ ಬಂದ್.

ಮಾರ್ಚ್ 5
ಹೆಡ್ ಆಫೀಸಿನ ಐಡಿಯಾ: ಗೇಟಿನ ಮೇಲೆ ಮೈಕು. ದಿನಾ ಬೆಳಿಗ್ಗೆ ಐದಕ್ಕೆ ಶಾಂತಿಗೀತೆ. ನನಗೂ ಚೆನ್ನಾಗಿಯೇ ಕಂಡಿತು. ನಾಳೆಯಿಂದಲೇ ಶುರು.

ಮಾರ್ಚ್ 10, ಬೆಳಿಗ್ಗೆ
ಶಟರ್ ಎತ್ತುವ ಮೊದಲೇ ಮೇಲಿನ ಬೀದಿಯ ಟೈಲರಕ್ಕ ಹಾಜರು. "ಏನಮ್ಮಾ, ನಿದ್ದೆ ಮಾಡೋಕೆ ಬಿಡ್ತೀಯೋ ಇಲ್ವೋ?" ಹಿಂದೆಯೇ ಕೆಳಗಿನ ಬೀದಿಯ ಬಡಗಿಯಣ್ಣ. "ಮೂರು ವರ್ಷ ಜಗಳ ಆಡಿದ್ರೂ ಇಷ್ಟು ಗಲಾಟೆ ಇರ್ಲಿಲ್ಲ ಮೇಡಂ!"
"ಸರಿಯಾಗಿ ಹೇಳಿದ್ರಿ" ಎಂದುಬಿಟ್ಟರು ಟೈಲರಕ್ಕ. ಕೆಳಗಿನ ಬೀದಿಯವರ ಮಾತಿಗೆ! ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.
ಈಗಲೇ ಇಳಿಸುತ್ತೇನೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು — ನುಂಗಿಕೊಂಡೆ. "ಎರಡೂ ಬೀದಿಯವರು ಸಭೆಗೆ ಬಂದು ಹೇಳಿ, ಆಫೀಸಿಗೆ ತಿಳಿಸ್ತೀನಿ" ಎಂದೆ. ಕಳ್ಳಬುದ್ಧಿ. ಆದರೂ ಖುಷಿ.

ಮಾರ್ಚ್ 14, ಶುಕ್ರವಾರ
ಕುರ್ಚಿ ಸಾಲಲಿಲ್ಲ! ಎಲ್ಲರೂ ಸೇರಿ ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಇಷ್ಟು ಒಗ್ಗಟ್ಟು ಇಷ್ಟು ದಿನ ಎಲ್ಲಿ ಅಡಗಿತ್ತೋ. ಮೈಕು ಇಳಿಸಲು ಒಪ್ಪಿದೆ. ಬೈಯಲು ಇನ್ನೇನೂ ಉಳಿಯಲಿಲ್ಲ, ಆದರೂ ಯಾರೂ ಏಳಲಿಲ್ಲ.
ಟೈಲರಕ್ಕ ನೆಲ ನೋಡುತ್ತಾ ಹೇಳಿದರು: "ಅಣ್ಣಾ, ಅವತ್ತು ನಿಮ್ಮ ಅಂಗಡಿ ಉರೀತಿತ್ತಲ್ಲ... ನಾನು ಕಿಟಕಿ ಮುಚ್ಕೊಂಡುಬಿಟ್ಟೆ."
ಬಡಗಿಯಣ್ಣ ಕುರ್ಚಿ ಹಿಂದಕ್ಕೆ ಸರಿಸಿದರು. ಕೆಲಸ ಕೆಟ್ಟಿತು ಎಂದುಕೊಂಡೆ.
"ಆ ಕಿಟಕಿ ಮಾಡ್ಕೊಟ್ಟೋನು ನಾನೇ ಅಲ್ವೇನಮ್ಮಾ" ಎಂದರು. "ಈಗ್ಲೂ ಸರಿಯಾಗಿ ಮುಚ್ಚುತ್ತಾ?"
"ಮಳೆಗಾಲದಲ್ಲಿ ಸ್ವಲ್ಪ ಹಿಡಿಯುತ್ತೆ."
"ಗೇಟು ತೆಗೀಲಿ. ಬಂದು ಕೀಸಿಕೊಡ್ತೀನಿ."
ಟೈಲರಕ್ಕ ಅತ್ತರು. ನಾನೂ ಅತ್ತೆ, ನಾಚಿಕೆಯಿಲ್ಲದೆ. ಗೇಟು ತೆಗೆಯಿರಿ ಎಂದು ಎರಡೂ ಬೀದಿಯವರು ಕೈ ಎತ್ತಿದರು.

ಮಾರ್ಚ್ 29, ಶನಿವಾರ
ಬರೆಯಲು ಪುರುಸೊತ್ತೇ ಆಗಿಲ್ಲ. ನಡುವೆ ಒಂದು ದಿನ ಯಾರೋ ಗೇಟಿಗೆ ಕಲ್ಲು ಹೊಡೆದರು. ಹೆದರಿದೆ. ಯಾರೂ ತಿರುಗಿ ಹೊಡೆಯಲಿಲ್ಲ.
ಗೇಟಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನಗರಸಭೆಯವರು ಬಂದಿದ್ದಾರೆ. ಬೀಗಕ್ಕೆ ತುಕ್ಕು, ಕೀಲಿ ತಿರುಗುತ್ತಿಲ್ಲ. ಟೈಲರಕ್ಕ ಆ ಕಡೆಯಿಂದ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿಯನ್ನು ತಗಡಿನ ಸಂದಿಯಲ್ಲಿ ತೂರಿಸುತ್ತಿದ್ದಾರೆ. "ಕೈ ಕುಯ್ದೀತು, ನಿಧಾನ" ಎಂದು ಈ ಕಡೆಯಿಂದ ಬಡಗಿಯಣ್ಣನ ಗದರಿಕೆ. ಡಬ್ಬಿ ಅವರ ಕೈಗೆ ಸಿಕ್ಕಿತು. ಎಣ್ಣೆ ಬಿಟ್ಟರು. ಈಗ ಬೀಗ ಕಟಕ್ ಎಂದ ಹಾಗಾಯಿತು, ನೋಡಿ ಬಂದು ಬರೆ—