ವಿಭೂತಿ ಹಚ್ಚಿ ಬೆಳಗಿದ ಪಟ

ಗೊಳಸಂಗಿ
೧೨ ಅಕ್ಟೋಬರ್ ೨೦೦೨

ಮುದ್ದಿನ ಮಗಳು ವಿದ್ಯಾವತಿಗೆ,

ಅಪ್ಪನ ಮನಸಾರೆ ಆಶೀರ್ವಾದ. ನಿನ್ನ ಕೆಮ್ಮು ಕಡಿಮೆಯಾಯಿತೇ? ಧಾರವಾಡದ ಜಿಟಿಜಿಟಿ ಮಳೆ ನಮ್ಮ ಕಡೆಯವರಿಗೆ ಒಗ್ಗುವುದಿಲ್ಲ. ನಿಮ್ಮವ್ವ ಕಳಿಸಿದ ಶೇಂಗಾ ಚಟ್ನಿಯನ್ನೆಲ್ಲ ಗೆಳತಿಯರಿಗೆ ಹಂಚಿ ನೀನು ಬರೀ ರೊಟ್ಟಿ ಕಡಿಯುವವಳೆಂದು ನನಗೆ ಗೊತ್ತು. ಇಲ್ಲಿ ಎಲ್ಲರೂ ಆರಾಮ. ಆಲಮಟ್ಟಿಯ ನೀರಾವರಿ ಕಚೇರಿಗೆ ಬಸ್ಸಿನಲ್ಲಿ ನಿಂತು ಹೋಗುವುದು, ನಿಂತು ಬರುವುದು ನಡೆದೇ ಇದೆ. ನನ್ನ ಹಡೆದವ್ವ, ನಿನ್ನ ಆಯಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಒಳಗೇ ಲೆನ್ಸಿನ ಮಣಿ ಕೂರಿಸಿದ್ದಾರೆ, ಕನ್ನಡಕವೂ ಬೇಡವಂತೆ. ಪಟ್ಟಿ ಬಿಚ್ಚಿದೊಡನೆ ಬೈಸಿಕೊಂಡವನು ನಾನು: "ಏನೋ ಗುರುಲಿಂಗ, ಇಷ್ಟ ಬೆಳ್ಳಗಾಗೀದಿ? ನನಗಿಂತ ಮುದುಕ ಕಾಣ್ತೀಯಲ್ಲೋ!"

ಈಗ ಆ ಬೆಳ್ಳಿ ಪಟದ ವಿಷಯ ಬರೆಯಬೇಕು, ಕೈ ಓಡುತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬಯ್ಯಬೇಡ, ಬರೆಯುತ್ತ ಹೋದರೆ ಧೈರ್ಯ ಬಂದೀತು. ಆಯಿಯ ಅಜ್ಜಿ ಚಂದವ್ವ ಐದಾರು ವರ್ಷದ ಕೂಸಾಗಿದ್ದಾಗ, ಊರ ಹೊರಗೆ ಡೇರೆ ಹಾಕಿದ್ದ ಯಾವನೋ ಬಿಳಿಯ ಸಾಹೇಬ ತೆಗೆದುಕೊಟ್ಟ ಪಟ ಅದು. ತಾಯಿಯಿಲ್ಲದ ಆಯಿಯನ್ನು ಸಾಕಿದವಳು ಆ ಚಂದವ್ವ. ಮದುವೆಯಲ್ಲಿ ಆಯಿ ತವರಿನಿಂದ ಬೇಡಿ ತಂದದ್ದು ಇದೊಂದೇ. ಅಂಗೈಯಷ್ಟು ತಗಡು. ಓರೆ ಹಿಡಿದರೆ ಬುಗುಡಿ ಹಾಕಿಕೊಂಡು ಹೆದರಿ ನಿಂತ ಹುಡುಗಿ, ನೇರ ಹಿಡಿದರೆ ಬರೀ ಹೊಳಪು. ಕಳೆದ ರಜೆಯಲ್ಲಿ ನೀನು ಸ್ಟೀಲ್ ಮುಚ್ಚಳದ ಮೇಲೆ ಜೋಳದ ಹಿಟ್ಟು ಉದುರಿಸಿ ನನಗೆ ಪಾಠ ಮಾಡಿದೆಯಲ್ಲ: ತಾಮ್ರದ ತಗಡಿಗೆ ಬೆಳ್ಳಿ, ಬೆಳ್ಳಿಗೆ ಅಯೋಡಿನ್ ಹೊಗೆ, ಬೆಳಕು ಬಿದ್ದ ಮೇಲೆ ಪಾದರಸದ ಆವಿ. ಬೆಳಕು ತಾಗಿದಲ್ಲಿ ಬೆಳ್ಳಿ, ಪಾದರಸ ಕೂಡಿದ ಕಣಗಳು ಏಳುತ್ತವೆ, ಒಂದು ಕೂದಲಿನ ಅಗಲದಲ್ಲಿ ನೂರಾರು ಕೂರುವಷ್ಟು ಸಣ್ಣವು. ಅವು ದಟ್ಟವಾಗಿದ್ದಲ್ಲಿ ಬೆಳಕು ಚೆದರಿ ಬಿಳಿ, ಇಲ್ಲದಲ್ಲಿ ಕಪ್ಪು. ಬಣ್ಣವಿಲ್ಲ, ಶಾಯಿಯಿಲ್ಲ, ಕಣಗಳು ಕೂತ ರೀತಿಯೇ ಚಂದವ್ವ. "ಅಪ್ಪಾ, ಬಟ್ಟಿಲೆ ಒರೆಸಿದ್ರೂ ಹೋಗತೈತಿ, ಗಾಜ ಮಾತ್ರ ತೆಗೀಬ್ಯಾಡ್ರಿ" ಎಂದಿದ್ದೆ. ದೀಪಾವಳಿಗೆ ನಿಮ್ಮ ಕಾಲೇಜಿನ ಸರ್ ಬಂದು ಕಾಪಿ ತೆಗೆಸುವುದು, ಪಟ ಒಯ್ದು ದೊಡ್ಡ ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ನೋಡುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ಜೋಪಾನವಾಗಿರಲೆಂದು ನಾನು ಅದನ್ನು ದೇವರ ಜಗಲಿಯ ಮೇಲೆ ಇಟ್ಟೆ. ಮನೆಯಲ್ಲಿ ಕಂಡಕಂಡವರು ಕೈ ಹಾಕದ ಜಾಗ ಅದೊಂದೇ.

ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಆಯಿ ಜಗಲಿ ತೊಳೆಯಲು ಕೂತಳು. ಕಣ್ಣು ಬಂದ ಮೇಲಿನ ಮೊದಲ ಹಬ್ಬ, ಉಮೇದು ಕೇಳಬೇಕೆ? ನಮ್ಮ ಮನೆಯ ಬೆಳ್ಳಿಗೆ ಸೋಪು ತಾಗಿಸಿದವರುಂಟೆ? ಲಿಂಗದ ಕರಡಿಗೆ, ಆರತಿ ತಟ್ಟೆ ಎಲ್ಲಕ್ಕೂ ವಿಭೂತಿ ಪುಡಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕುವುದೇ ರೂಢಿ. ಪಟದ ಅಂಚಿಗೆ ಹತ್ತಿದ ನೀಲಿಗಪ್ಪು ಈ ಸಲ ಆಕೆಯ ಕಣ್ಣಿಗೆ ಬಿತ್ತು. ನಿಮ್ಮವ್ವ ನೀರಿಗೆ ಹೋಗಿದ್ದಳು. ಆಯಿ ಹಿತ್ತಾಳೆಯ ಕಟ್ಟು ಬಿಚ್ಚಿ, ಗಾಜು ಪಕ್ಕಕ್ಕಿಟ್ಟು, ಕೂಸಿನ ಮೈ ಒರೆಸುವಂತೆ ಪ್ರೀತಿಯಿಂದ ತಿಕ್ಕಿದಳು.

ನಾನು ಕಚೇರಿಯಿಂದ ಬಂದಾಗ ತಗಡು ಫಳಫಳ ಹೊಳೆಯುತ್ತಿತ್ತು. ಓರೆ ಹಿಡಿದೆ, ಬಾಗಿಲಿಗೆ ಹೋಗಿ ಹಿಡಿದೆ. ಎಲ್ಲಿದ್ದಾಳೆ ಚಂದವ್ವ? ಬಯ್ಯಬೇಕೆಂದು ತಿರುಗಿದರೆ ಆಯಿ ನಗುತ್ತಿದ್ದಳು. ಪಟವನ್ನು ನನ್ನ ಕೈಯಿಂದ ಕಸಿದುಕೊಂಡು ಮುಖದೆದುರು ಹಿಡಿದಳು. "ಕಣ್ಣೂ ಬಂದ್ವು, ನಮ್ಮ ಆಯಿ ಚಂದವ್ವನೂ ಬಂದ್ಲು ನೋಡು. ಆ ಕೂಸಿನ ಮಾರಿಯಾಗ ನನಗ ಗುರ್ತ ಹತ್ತತಿದ್ದಿಲ್ಲ. ಈಗ ಹಣಿ ತುಂಬ ವಿಭೂತಿ, ಬೊಚ್ಚ ಬಾಯಿ, ನನ್ನ ಜ್ವಾಪಾನ ಮಾಡಿದಾಕಿ ಹೆಂಗಿದ್ಲೋ ಹಂಗ ಅದಾಳ!"

ನನ್ನ ಅಪ್ಪ ತೀರಿಹೋದ ಮೇಲೆ ಆಕೆ ಕನ್ನಡಿ ಹಿಡಿದವಳಲ್ಲ, ಆಮೇಲೆ ಕಣ್ಣೂ ಮಂಜಾದವು. ತನ್ನ ಮುಖ ಈಗ ಹೇಗಿದೆಯೆಂದು ಆಕೆಗೆ ಗೊತ್ತೇ ಇಲ್ಲ. ಮರೆವು ಬೇರೆ. ದಿನಾ ಮುಂಜಾನೆ ಪೂಜೆ ಮುಗಿಸಿ ಅದರ ಜೊತೆ ಮಾತಾಡುತ್ತಾಳೆ. ತುಟಿ ಅಲುಗಿದರೆ ಚಂದವ್ವ ಉತ್ತರ ಕೊಟ್ಟಳೆಂದು ಹಿಗ್ಗುತ್ತಾಳೆ. ಹೇಳಿಬಿಡೋಣವೆಂದು ಎದುರು ನಿಲ್ಲುತ್ತೇನೆ, ಬಸ್ಸಿಗೆ ಹೊತ್ತಾಯಿತೆಂದು ಹೊರಗೆ ನಡೆಯುತ್ತೇನೆ. ನಿಮ್ಮವ್ವ ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ತಿಕ್ಕಿದ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಕಣಗಳು ಎಲ್ಲಿಗೂ ಹೋಗಿಲ್ಲ, ಆ ವಿಭೂತಿಯೊಳಗೇ ಇರಬೇಕಲ್ಲ? ಅವನ್ನು ಮತ್ತೆ ಇದ್ದಲ್ಲೇ ಕೂರಿಸುವ ಉಪಾಯ ನಿಮ್ಮ ಸರ್ ಅವರಿಗೆ ಗೊತ್ತಿದೆಯೇ? ಹುಚ್ಚು ಪ್ರಶ್ನೆಯೆಂದು ಗೊತ್ತು, ಕೇಳದಿರಲು ಆಗಲಿಲ್ಲ. ಕಾಲುವೆ ಒಡೆದರೆ ಉಸುಕಿನ ಚೀಲ ಹಾಕಿಸುವುದನ್ನು ಬಲ್ಲೆ, ಇದಕ್ಕೆ ಏನು ಹಾಕಲಿ? ನಿನ್ನ ಅಭ್ಯಾಸಕ್ಕೂ ಪೆಟ್ಟು ಬಿತ್ತು, ಮಗಳೇ. ನನಗೆ ಏನೂ ತೋಚುತ್ತಿಲ್ಲ.

ಬೆಚ್ಚಗೆ ಹೊದ್ದುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಬೆನ್ನಿಗಿರಲಿ. ಆಯಿ, ಅವ್ವ ಇಬ್ಬರೂ ನಿನ್ನನ್ನು ನೆನೆದಿದ್ದಾರೆ.

ನಿನ್ನ ಅಪ್ಪ,
ಗುರುಲಿಂಗಪ್ಪ

ತಾ.ಕ.: ಟಪಾಲಿನ ಚೀಲ ಕಟ್ಟುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ದೀಪಾವಳಿಗೆ ಸರ್ ಅವರನ್ನು ಕರೆತರಬೇಡ, ಒಬ್ಬಳೇ ಬಾ. ನೀನು ಚಪ್ಪಲಿ ಬಿಡುವ ಮೊದಲೇ ಆಯಿ ಪಟ ತೋರಿಸಲು ಬರುತ್ತಾಳೆ. ಹೌದು, ಥೇಟ್ ಚಂದವ್ವನೇ ಅನ್ನು. ಆದರೆ ಎದುರಿಗೆ ನಿಂತು ಅನ್ನು. ಎಷ್ಟು ಕರೆದರೂ ಆಕೆಯ ಪಕ್ಕದಲ್ಲಿ ಕೂತು ನೋಡಬೇಡ. ನಿನ್ನ ಮುಖವೂ ಅದರಲ್ಲಿ ಕಂಡರೆ ಆಕೆಗೆ ತಿಳಿದುಹೋಗುತ್ತದೆ.