ಹಗೇವಿನ ಜೋಳ

ಬಸವಕಲ್ಯಾಣ
೧೨ ಮೇ ೧೯೮೪

ಅವ್ವಗೆ ಕಸ್ತೂರಿಯ ಶರಣು.

ನಿನ್ನ ಸೊಸೆ, ನಮ್ಮ ವೈನಿ, ಓದುತ್ತಾಳೆ, ನೀನು ಗೋಡೆಗೆ ಒರಗಿ ಕೇಳುತ್ತೀ ಎಂದು ತಿಳಿದೇ ಬರೆಯುತ್ತಿದ್ದೇನೆ.

ನೆಲದೊಳಗಿನ ಹಗೇವಿನಿಂದ ತೆಗೆಸಿ ನೀನು ಕಳಿಸಿದ ಜೋಳದ ಚೀಲವನ್ನು ಬಂಡೆಪ್ಪ ಕಾಕಾ ಘಾಟಬೋರಾಳದಿಂದ ತಂದುಕೊಟ್ಟ. ‘ಹಗೇವಿನ ಜೋಳ ತಿಂದರ ನೆತ್ತರ ತಾನೇ ಬರ್ತದ ಅಂತ ನಿಮ್ಮವ್ವ ಹೇಳ್ಯಾಳ’ ಎಂದ. ನನ್ನ ಬೋಳು ತಲೆ ನೋಡಿ, ‘ತಿರುಪತಿಗೆ ಹೋಗಿ ಬಂದಿಯೇನವ್ವಾ? ಪ್ರಸಾದ ಎಲ್ಲದ?’ ಎಂದು ನಗಿಸಿದ. ಹೊರಗೆ ಹೋಗಿ ಮೂಗು ಸೀಟಿದ್ದು ಕೇಳಿಸಿತು.

ರಕ್ತದ ಕ್ಯಾನ್ಸರಿಗೆ ಕೊಟ್ಟ ಔಷಧಿ ಮೈಯ ಕಾವಲನ್ನೂ ಕೊಂದಿದೆ ಎಂದು ಹೈದರಾಬಾದಿನ ಡಾಕ್ಟರು ಹೇಳಿದ್ದಾರೆ. ನಿಮಗೆಲ್ಲ ಏನೂ ಮಾಡದ ಬೂಷ್ಟಿನ ಧೂಳು ನನ್ನ ಎದೆಗೆ ಹೊಕ್ಕರೆ ಅಲ್ಲೇ ಬೆಳೆಯುತ್ತದಂತೆ. ಹಳೆಯ ಕಾಳು, ದನದ ಕಣಿಕೆ, ತೇವದ ಗೋಡೆ ಯಾವುದರ ಹತ್ತಿರವೂ ಸುಳಿಯಬಾರದು. ಹಾವಾದರೆ ಕಣ್ಣಿಗೆ ಕಾಣುತ್ತದೆ. ಇದು ಉಸಿರಿನಲ್ಲಿ ಬರುತ್ತದೆ. ಕೋಣೆಯ ಮೂಲೆಯಲ್ಲಿ ಒಂದು ಕಪ್ಪು ಕಲೆ ಇದೆ. ನಿನ್ನೆಗಿಂತ ದೊಡ್ಡದಾಗಿದೆಯೇ ಎಂದು ಎದ್ದಕೂಡಲೇ ನೋಡುತ್ತೇನೆ.

ನನ್ನ ಕೈಗುಣ ಒಳ್ಳೆಯದು, ಎರಡನೆಯ ಹಗೇವು ತೆಗೆಯುವಾಗ ನಾನೇ ಬರಬೇಕು ಎಂದಿದ್ದೀ. ಬರಲಾರೆ. ಹಗೇವಿನ ಬಾಯಿಕಲ್ಲು ಸರಿಸಿದ ಮೇಲೆ ಅಪ್ಪ ಮೊದಲು ಕಂದೀಲು ಇಳಿಬಿಡುತ್ತಿದ್ದ. ಉರಿದರೆ ಆಳು ಇಳಿಯಬಹುದು, ಕೆಟ್ಟ ಗಾಳಿಗೆ ಆರಿದರೆ ಇಲ್ಲ. ನಾನು ಅಂಚಿನಲ್ಲಿ ಬೋರಲು ಮಲಗಿ ಆ ಬೆಳಕನ್ನೇ ನೋಡುತ್ತಿದ್ದೆ.

ನೀನು ಚಿಂತಿಸಬೇಡ. ಚೀಲವನ್ನು ಇವರು ಬಿಚ್ಚದೆ ಗಿರಣಿಗೆ ಒಯ್ದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೇ ಇದ್ದೆ. ರೊಟ್ಟಿ ಬಹಳ ರುಚಿಯಾಗಿತ್ತು.

ನಿನ್ನ ಮಗಳು,
ಕಸ್ತೂರಬಾಯಿ

ತಾ.ಕ.: ವೈನಿ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಅವ್ವ ಕೇಳಿದರೆ ‘ಮುಗೀತ್ರಿ’ ಅನ್ನು.

ಇವರು ಮನೆಗೆ ಬರುವ ಮೊದಲೇ ಚೀಲದ ಹೊಲಿಗೆ ಬಿಚ್ಚಿದ್ದೆ. ಹಗೇವಿನ ವಾಸನೆ ಬಂತು, ನಮ್ಮ ಅಂಗಳದ್ದು. ಎಲ್ಲ ತಿಳಿದೂ ಒಳಗೆ ಮುಖವಿಟ್ಟು ಎದೆ ತುಂಬ ಎಳೆದುಕೊಂಡೆ. ಮತ್ತೆ ಮೊದಲಿನಂತೆಯೇ ಹೊಲಿದಿಟ್ಟೆ. ಇವರಿಗೆ ಈಗಲೂ ಗೊತ್ತಿಲ್ಲ.

ಆಮೇಲೆ ಬಂದ ಜ್ವರ ಇಳಿದಿಲ್ಲ. ಇಂದು ಕೆಮ್ಮಿದಾಗ ಸೆರಗಿನಲ್ಲಿ ಕೆಂಪು ಕಂಡಿತು. ನಾಳೆ ಹೈದರಾಬಾದಿಗೆ ಹೋಗುತ್ತೇವೆ. ಎದೆಯ ಫೋಟೋ ತೆಗೆಯುತ್ತಾರಂತೆ, ಒಳಗೆ ಕಂದೀಲು ಇಳಿಬಿಟ್ಟ ಹಾಗೆ. ಡಾಕ್ಟರಿಗೆ ಚೀಲದ ಸಂಗತಿ ಹೇಳುತ್ತೇನೆ. ಅವ್ವನಿಗೆ ಮಾತ್ರ, ನನಗೆ ಏನೇ ಆದರೂ, ಯಾರೂ ಹೇಳಕೂಡದು.

ಈ ತುದಿ ಹರಿದು ಒಲೆಗೆ ಹಾಕು. ಇನ್ನೊಮ್ಮೆ ಓದು ಎಂದು ಅವ್ವ ಹಟ ಹಿಡಿದರೆ, ರೊಟ್ಟಿಯ ಸಾಲು ಓದು.