ಕರಡಿಮಾಂಸದ ಹುಳು ಮತ್ತು ಪ್ರೊಕೊಪಿ ಮಾವನ ಬಂದೂಕು

ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿಯಲ್ಲಿರುವ ಮಾನ್ಯರೇ,

ನಮ್ಮ ಹಳ್ಳಿಯ ಅಂಗಡಿ ಬಾಗಿಲಿಗೆ ನೀವು ಅಂಟಿಸಿದ ಪ್ರಕಟಣೆಯಲ್ಲಿ ಒಂದು ಸಾಲು ಸುಳ್ಳು. ‘ಕರಡಿಮಾಂಸ ತಿಂದದ್ದನ್ನು ರೋಗಿಗಳು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಿದ್ದರಿಂದ ಚಿಕಿತ್ಸೆ ತಡವಾಯಿತು.’ ಇದೊಂದೇ ಸಾಲಿನ ಬಲದ ಮೇಲೆ ಪೊಲೀಸರು ನನ್ನ ಸೋದರಮಾವ ಪ್ರೊಕೊಪಿಯ ಬಂದೂಕು ಒಯ್ದಿದ್ದಾರೆ. ಹಿಮ ಬೀಳುವ ಮೊದಲು ಅದು ಮರಳದಿದ್ದರೆ ಆ ಮನೆಯಲ್ಲಿ ಈ ಚಳಿಗಾಲ ತಿನ್ನಲು ಮಾಂಸವಿಲ್ಲ, ಮಾರಲು ತುಪ್ಪಳದ ತೊಗಲಿಲ್ಲ. ನಿಮಗೆ ಅದೊಂದು ವಾಕ್ಯ. ಬರೆದ ಮೇಲೆ ಚಹಾ ಕುಡಿದಿರಬಹುದು.

ನಾವು ಏವೆಂಕರು, ಈ ಉತ್ತರದ ಕಾಡಿನ ಬೇಟೆಗಾರ ಜನ, ಕರಡಿಯನ್ನು ಅಜ್ಜ ಎನ್ನುತ್ತೇವೆ. ಅಜ್ಜನನ್ನು ಕೊಂದೆ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ತಿಂದೆ ಎಂದಂತೂ ಇಲ್ಲವೇ ಇಲ್ಲ. ಊಟಕ್ಕೆ ಕುಳಿತಾಗ ಕಾಗೆಗಳಂತೆ ಕೂಗುತ್ತೇವೆ, ತಿಂದದ್ದು ಕಾಗೆಗಳೆಂದು ಅಜ್ಜ ತಿಳಿಯಲಿ ಅಂತ. ನಾನು ಇದನ್ನು ನಂಬುತ್ತೇನೋ ಇಲ್ಲವೋ ನನಗೇ ಸ್ಪಷ್ಟವಿಲ್ಲ. ನಗರದಲ್ಲಿ ಓದಿ ಬಂದವನು, ಶಾಲೆಯಲ್ಲಿ ಭೂಗೋಳ ಕಲಿಸುವವನು. ಆದರೂ ಆ ತಟ್ಟೆಯ ಮುಂದೆ ಗಂಟಲು ನನ್ನನ್ನು ಕೇಳದೆ ಕೂಗುತ್ತದೆ. ಅದನ್ನು ದೂರದಿಂದ ಕೇಳಿಸಿಕೊಳ್ಳುವ ಇನ್ನೊಬ್ಬ ನನ್ನೊಳಗೇ ಇದ್ದಾನೆ. ಅವನೂ ತಡೆಯುವುದಿಲ್ಲ.

ಬೆರಿಹಣ್ಣು ಮುಗಿಯುವ ಹೊತ್ತಿಗೆ ಮಾವನ ಹೆಂಡತಿ ಅಗಾಫ್ಯಾ ಅತ್ತೆ ಹಾಸಿಗೆ ಹಿಡಿದಳು. ಜ್ವರ, ಎತ್ತಲಾಗದ ತೋಳು, ಊದಿ ಮುಚ್ಚಿಕೊಂಡ ಕಣ್ಣು. ಹೆಲಿಕಾಪ್ಟರಿನಲ್ಲಿ ಬಂದ ನಿಮ್ಮ ಎಳೆಯ ವೈದ್ಯೆ ಕೇಳಿದಳು:

“ಕರಡಿ ಮಾಂಸ ತಿಂದ್ರಾ ಅಮ್ಮಾ?”

“ಇಲ್ಲ ಕಣವ್ವ.”

“ಮನೇಲಿ ಬೇರೆ ಯಾರಾದ್ರೂ?”

“ಕಾಗೆ ತಿಂದ್ವು.”

“ಜ್ವರ ತಲೆಗೇರಿದೆ,” ಎಂದಳು ವೈದ್ಯೆ ನರ್ಸಿಗೆ. ಕಣ್ಣಿನ ಊತ ನೋಡಿ ಮೂತ್ರಪಿಂಡದ ಔಷಧಿ ಶುರುವಾಯಿತು. ಅಷ್ಟರಲ್ಲಿ ಕರಡಿಮಾಂಸದೊಳಗಿನ ಹುಳುಗಳು ಅತ್ತೆಯ ಹೃದಯ ತಲುಪಿ ಅದನ್ನೂ ಕೆಡಿಸಿದ್ದವು.

ನಾನು ಊರಿಗೆ ಮರಳಿದಾಗ ವಿಷಯ ತಿಳಿದು ವೈದ್ಯೆಗೆ ಹೇಳಿದೆ: “ಹಾಗೆ ಕೇಳ್ಬೇಡಿ ಡಾಕ್ಟ್ರೇ. ಅಜ್ಜ ಬಂದಿದ್ನಾ ಅಂತ ಕೇಳಿ.” ಅವಳು ಬುದ್ಧಿವಂತೆ. ಹಾಗೆಯೇ ಕೇಳಿದಳು.

“ಬಂದಿದ್ದ. ಹಣ್ಣು ತಿಂದು ಚೆನ್ನಾಗಿ ಕೊಬ್ಬಿದ್ದ,” ಎಂದಳು ಅತ್ತೆ.

“ಕಾಗೆಗಳು ಬೇಯ್ಸಿ ತಿಂದ್ವಾ?”

“ಒಂದಿಷ್ಟು ಬೇಯ್ಸಿದ್ವು,” ಮೂಲೆಯಿಂದ ಮಾವ ಬಾಯಿ ಹಾಕಿದ. “ಒಂದಿಷ್ಟು ಹೊಗೇಲಿ ಒಣಗಿಸಿದ್ವು. ಈ ಕಾಗೆ ಒಣಗಿಸಿದ್ದನ್ನೇ ಜಾಸ್ತಿ ತಿಂತು. ಹೇಳಿದ್ರೆ ಕೇಳ್ಬೇಕಲ್ಲ!”

“ಕುಯ್ದು ಕುಯ್ದು ಕೊಟ್ಟ ಕಾಗೆ ಯಾವ್ದು, ಅದನ್ನೂ ಹೇಳು ಮತ್ತೆ,” ಎಂದಳು ಅತ್ತೆ.

ವೈದ್ಯೆ ನಕ್ಕಳು. ಸರಿಯಾದ ಔಷಧಿ ಅವತ್ತೇ ಶುರುವಾಯಿತು. ಅತ್ತೆ ಉಳಿದಳು, ಒಲೆಯಿಂದ ಬಾಗಿಲಿಗೆ ನಡೆದರೆ ಏದುಸಿರು ಬರುತ್ತದೆ, ಅಷ್ಟೆ.

ಇದರಲ್ಲಿ ಮುಚ್ಚಿಟ್ಟದ್ದು ಯಾವುದು, ಮಾನ್ಯರೇ? ಕೊಬ್ಬಿನವರೆಗೂ ಹೇಳಿದ್ದಾರಲ್ಲ? ಕಾಡು ಕೇಳಿಸಿಕೊಳ್ಳುತ್ತದೆಂದು ಆಡಿದ ಮಾತನ್ನು ನೀವು ಕಚೇರಿಗೆ ಕೊಟ್ಟ ಸುಳ್ಳು ಹೇಳಿಕೆ ಎಂದು ಓದಿದಿರಿ. ನಮ್ಮ ನಡುವೆ ಇಷ್ಟು ವರ್ಷ ಆಡಳಿತ ನಡೆಸಿದ ಇಲಾಖೆಗೆ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ತಿಳಿಯದೆ ಹೋದದ್ದು ಯಾರ ಉದ್ದೇಶಪೂರ್ವಕ ಕೃತ್ಯ?

ನಿಮ್ಮ ಸಲಹೆಯೋ, ಇನ್ನೂ ಸೊಗಸು: ‘ಮಾಂಸವನ್ನು ಹೆಪ್ಪುಗಟ್ಟಿಸಿ ತಿನ್ನಿರಿ.’ ಇಲ್ಲಿ ನಮ್ಮ ಮೀಸೆಯೂ ಹೆಪ್ಪುಗಟ್ಟುತ್ತದೆ. ಹಂದಿಮಾಂಸದ ಹುಳು ಆ ಚಳಿಗೆ ಸಾಯುತ್ತದೆ, ಉತ್ತರದ ಕರಡಿಯ ಹುಳು ಸಾಯುವುದಿಲ್ಲ ಎಂದು ನಿಮ್ಮ ವೈದ್ಯೆಯೇ ನನಗೆ ಹೇಳಿದಳು. ನಿಮಗೆ ಹೇಳಲು ಅವಳಿಗೆ ಧೈರ್ಯ ಬರಲಿಲ್ಲವೋ, ಕೇಳಲು ನಿಮಗೆ ಪುರುಸೊತ್ತಾಗಲಿಲ್ಲವೋ? ಮೊದಲು ನದಿ ದಂಡೆಯಲ್ಲಿ ಪಶುವೈದ್ಯ ಕೇಂದ್ರವಿತ್ತು. ಬೇಟೆಯ ನಾಲಗೆಯ ಒಂದು ತುಂಡು ಕೊಟ್ಟರೆ ಸೂಕ್ಷ್ಮದರ್ಶಕದಡಿ ಇಟ್ಟು ತಿನ್ನಬಹುದು, ತಿನ್ನಬಾರದು ಎನ್ನುತ್ತಿದ್ದರು. ಯಾವ ಪ್ರಾಣಿಯದು, ಕೊಂದವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಉಳಿತಾಯದ ಹೆಸರಲ್ಲಿ ಅದನ್ನು ಮುಚ್ಚಿದಿರಿ. ಉಳಿದದ್ದು ಏನೆಂದು ಅತ್ತೆ ಉಸಿರೆಳೆಯುವಾಗ ಕೇಳಿಸುತ್ತದೆ.

ಕಳೆದ ವಾರ ಮಾವನೊಂದಿಗೆ ಠಾಣೆಗೆ ಹೋಗಿದ್ದೆ. ಅಲ್ಲಿನ ಅಧಿಕಾರಿ ಕೆಟ್ಟವನೇನಲ್ಲ. “ಕರಡಿ ಕೊಂದೆ, ತಿಂದೆ, ಡಾಕ್ಟ್ರಿಗೆ ಸುಳ್ಳು ಹೇಳಿದೆ ಅಂತ ನಿನ್ನ ಬಾಯಲ್ಲೇ ಒಂದ್ಸಲ ಹೇಳು ಯಜಮಾನ. ಬಂದೂಕು ಎತ್ಕೊಂಡು ನಡಿ,” ಎಂದ. ಬಂದೂಕು ಅವನ ಹಿಂದೆ ಗೋಡೆಗೆ ಒರಗಿತ್ತು. ಮಾವ ಅದನ್ನು ಬಹಳ ಹೊತ್ತು ನೋಡಿದ.

“ಹಾಗಂದ್ಮೇಲೆ ಅದನ್ನ ತಗೊಂಡು ಯಾವ ಕಾಡಿಗೆ ಹೋಗ್ಲಪ್ಪ?” ಎಂದು ಟೋಪಿ ಹಾಕಿಕೊಂಡು ಹೊರನಡೆದ.

ಆದ್ದರಿಂದ ಆ ಸಾಲನ್ನು ಅದೇ ಅಂಗಡಿ ಬಾಗಿಲಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಹಿಂತೆಗೆದುಕೊಳ್ಳಿ. ಮಾಂಸ ಪರೀಕ್ಷಿಸುವ ಕೇಂದ್ರವನ್ನು ಮತ್ತೆ ತೆರೆಯಿರಿ. ಬಂದೂಕನ್ನು ಮಾವನ ಬಾಯಿಂದ ಒಂದು ಮಾತೂ ಹೊರಡಿಸದೆ ಹಿಂದಿರುಗಿಸಿ. ನದಿಯ ಅಂಚಿನಲ್ಲಿ ಈಗಾಗಲೇ ಮಂಜುಗಡ್ಡೆ ಕಟ್ಟುತ್ತಿದೆ.

ಇಂತಿ,
ಬೇಟೆ ಬಾರದ ಈ ಸೋದರಳಿಯ, ಆ ಮನೆಗೆ ಚಳಿಗಾಲವಿಡೀ ಆಲೂಗಡ್ಡೆ ಹೊರಬೇಕಾದವನು,
ಇನ್ನೊಕೆಂತಿ ಹುಕೊಚಾರ್, ಭೂಗೋಳದ ಮೇಷ್ಟ್ರು